ಈ ರಾತ್ರಿ ವಸ್ತಿ ಎಲ್ಲಿ?

ವಿಜಯಪುರದಿಂದ ಹುಬ್ಬಳ್ಳಿ ಕಡೆ ಹೋಗುವ 52ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಕೊಲ್ಹಾರ ದಾಟಿದರೆ ಕೃಷ್ಣೆಯ ಮೇಲಿನ ಉದ್ದನೆಯ ಸೇತುವೆ ಸಿಗುತ್ತದೆ. ಈಚೆ ದಂಡೆಯಲ್ಲಿ ಮಣ್ಣಿನ ಗಡಿಗೆಯ ಮೊಸರು ಮಾರುವವರ ಸಾಲು, ಆಚೆ ದಂಡೆಗೆ ಬೀಳಗಿ ತಾಲ್ಲೂಕು, ನಡುವೆ ಆಲಮಟ್ಟಿಯ ಹಿನ್ನೀರು. ಪುಣೆ, ಸೊಲ್ಲಾಪುರದ ಕಡೆಯಿಂದ ಬಾದಾಮಿ, ಪಟ್ಟದಕಲ್ಲು ನೋಡಲು ಹೊರಟ ವ್ಯಾನೊಂದು ಆಗೀಗ ಈ ಸೇತುವೆ ದಾಟುತ್ತದೆ. ಒಳಗೆ ಮಡಚುವ ಮಂಚ, ಒಂದು ಗ್ಯಾಸ್ ಒಲೆ, ನೀರಿನ ಟ್ಯಾಂಕು. ನೆತ್ತಿಯ ಮೇಲೆ ಸೋಲಾರ್ ಫಲಕ. ಸ್ಟೇರಿಂಗ್ ಹಿಡಿದವರೇ ಅದರ ಮಾಲೀಕರು, ಅವರೇ ಅಡುಗೆಯವರು, ರಾತ್ರಿ ಕಾವಲುಗಾರರೂ ಅವರೇ. ಜೊತೆಗೆ ಇನ್ನೊಬ್ಬರಿಲ್ಲ.

ಇಂಥ ಪ್ರಯಾಣದ ಚಿತ್ರಗಳಲ್ಲಿ ಬೆಳಗಿನ ಚಹಾ ಇರುತ್ತದೆ, ಬೆಟ್ಟದ ಅಂಚು ಇರುತ್ತದೆ. ಹೊತ್ತು ಇಳಿಯುವಾಗ ಆ ಒಂಟಿ ಪ್ರಯಾಣಿಕರೊಳಗೆ ಏಳುವ ಚಡಪಡಿಕೆ ಇರುವುದಿಲ್ಲ. ಗಾಡಿ ಎಲ್ಲಿ ನಿಲ್ಲಿಸಬೇಕು? ನಿಲ್ಲಿಸಿದ ಜಾಗ ಯಾರದ್ದು, ಯಾರನ್ನು ಕೇಳಬೇಕು? ನೀರು ಎಲ್ಲಿ ಸಿಕ್ಕೀತು? ನಡುರಾತ್ರಿ ಯಾರಾದರೂ ಬಂದು ಬಾಗಿಲು ಬಡಿದರೆ? ಹಗಲಿನ ರಸ್ತೆ ಎಷ್ಟೇ ಚೆನ್ನಾಗಿರಲಿ, ಈ ನಾಲ್ಕು ಪ್ರಶ್ನೆ ಬಗೆಹರಿಯದೆ ದಿನ ಮುಗಿಯುವುದಿಲ್ಲ. ಸಾಮಾನ್ಯವಾಗಿ ಸಿಗುವ ಉತ್ತರ ಪೆಟ್ರೋಲ್ ಬಂಕಿನ ಅಂಗಳ ಅಥವಾ ಲಾರಿಗಳು ನಿಲ್ಲುವ ಢಾಬಾ. ಅಲ್ಲಿ ಬೆಳಕಿರುತ್ತದೆ, ಜನ ಇರುತ್ತಾರೆ, ನಿದ್ದೆ ಕಡಿಮೆ.

ಸೇತುವೆ ದಾಟಿ ಬೀಳಗಿ ಕ್ರಾಸ್ ಕಡೆ ಗಾಡಿ ನಿಧಾನ ಮಾಡಿ ನೋಡಿದರೆ, ಅದೇ ಹೊತ್ತಿನಲ್ಲಿ ಅದೇ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡವರು ಬದಿಯ ಕೊಯ್ದ ಹೊಲದಲ್ಲಿ ಕಾಣುತ್ತಾರೆ. ಗಿಡ್ಡ ಕುದುರೆಯೊಂದರ ಬೆನ್ನ ಮೇಲಿಂದ ಹೆಣ್ಣುಮಗಳೊಬ್ಬಳು ಹೇರು ಇಳಿಸುತ್ತಿರುತ್ತಾಳೆ: ಕೌದಿ, ಜೋಳದ ಹಿಟ್ಟಿನ ಚೀಲ, ಕೊಡ, ಪಾತ್ರೆ, ಕುರಿಹಟ್ಟಿಗೆ ಸುತ್ತುವ ಬಲೆ. ಹೇರಿನ ಮೇಲೆ ಕಾಲು ಕಟ್ಟಿ ಕೂರಿಸಿದ ಕೋಳಿ. ಚೀಲದ ಬಾಯಿಂದ ತಲೆ ಹೊರಗೆ ಹಾಕಿದ ಎಳೆ ಕುರಿಮರಿ. ಮಂದೆ ಇನ್ನೂ ಬಂದಿಲ್ಲ. ಅದು ಬರುವುದರೊಳಗೆ ಮೂರು ಕಲ್ಲಿನ ಒಲೆ ಹೊತ್ತಬೇಕು, ನೀರು ತಂದಿರಬೇಕು.

ಕ್ಯಾರವಾನ್ ಬದುಕು ಈ ಸೀಮೆಗೆ ಹೊಸದಲ್ಲ ಎಂದು ಹೇಳಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಬೀಳಗಿ, ಮುಧೋಳ, ಜಮಖಂಡಿಯ ಸಂಚಾರಿ ಕುರಿಗಾರರು ವರ್ಷದ ಬಹುಭಾಗ ಮನೆಯನ್ನು ಜೊತೆಗೆ ಕಟ್ಟಿಕೊಂಡು ನಡೆಯುವವರು. ರಸ್ತೆಯಲ್ಲಿ ಬದುಕುವ ವಿದ್ಯೆ ಏನೆಂದು ತಿಳಿಯಬೇಕಾದರೆ ಇವರನ್ನೇ ಕೇಳಬೇಕು. ಆ ವಿದ್ಯೆ ಈಗ ಯಾಕೆ ನಡೆಯದಾಗುತ್ತಿದೆ ಎಂಬುದನ್ನೂ ಇವರಿಂದಲೇ ತಿಳಿಯಬೇಕು.

ಕುದುರೆಯ ಬೆನ್ನಿನ ಮನೆ

ಈ ಅಲೆದಾಟ ಗೊತ್ತುಗುರಿ ಇಲ್ಲದ್ದು ಎಂದು ದಾರಿಹೋಕರಿಗೆ ಅನ್ನಿಸಬಹುದು. ನೆಲದ ಗುಣ ಬಲ್ಲವರಿಗೆ ಹಾಗೆ ಅನ್ನಿಸದು. ಮಳೆಗಾಲದಲ್ಲಿ ಎರೆ ಹೊಲ ಕೆಸರಾಗಿ ಕುರಿಯ ಗೊರಸಿನ ಸಂದಿಗೆ ಮಣ್ಣು ಮೆತ್ತಿಕೊಳ್ಳುತ್ತದೆ, ಕಾಲು ಹುಣ್ಣಾಗುತ್ತದೆ. ಆಗ ಮಂದೆ ಗುಡ್ಡದ ಓರೆ, ಮಸಾರಿ ನೆಲ ಹಿಡಿಯುತ್ತದೆ. ಮುಂಗಾರಿನ ಬೆಳೆ ಕೊಯ್ದ ಮೇಲೆ ಕೂಳೆ ಹೊಲ ತೆರೆಯುತ್ತದೆ. ಹಿಂಗಾರಿ ಜೋಳ, ಕಡಲೆ ಎದ್ದ ಮೇಲೆ ಇನ್ನಷ್ಟು. ಬೇಸಿಗೆಗೆ ಕಾಲುವೆ ನೀರಿನ ಸೀಮೆಯ ಕಡೆಗೆ ನಡಿಗೆ. ಹುಲ್ಲು ಒಣಗಿದಾಗ ಜಾಲಿಯ ಕಾಯಿ, ಬನ್ನಿಯ ಸೊಪ್ಪು. ಯಾವ ಹಳ್ಳದಲ್ಲಿ ಯಾವ ತಿಂಗಳವರೆಗೆ ನೀರು ನಿಲ್ಲುತ್ತದೆ, ಯಾವ ಊರಿನ ಗೌಡರು ಹೊಲಕ್ಕೆ ಕರೆಯುತ್ತಾರೆ, ಯಾವ ದಾರಿಯಲ್ಲಿ ಹತ್ತಿಗೆ ಔಷಧ ಹೊಡೆದಿದ್ದಾರೆ, ಈ ಲೆಕ್ಕವೆಲ್ಲ ತಲೆಯಲ್ಲೇ ಇರುತ್ತದೆ. ಈಗ ಅದಕ್ಕೆ ಮೊಬೈಲ್ ಸೇರಿದೆ. ಮುಂದಿನ ಊರಿನ ರೈತರಿಗೆ ಮೊದಲೇ ಫೋನ್ ಮಾಡಿ ವಸ್ತಿ ಗೊತ್ತುಮಾಡಿಕೊಳ್ಳುವುದು ಸಾಮಾನ್ಯವಾಗಿದೆ.

ಊರವರಿಗೂ ಕುರಿಗಾರರಿಗೂ ನಡುವೆ ಇದ್ದ ಒಪ್ಪಂದ ಸರಳ. ರಾತ್ರಿ ಮಂದೆಯನ್ನು ಹೊಲದಲ್ಲಿ ತರುಬುತ್ತಾರೆ. ಹಿಕ್ಕಿ ಮತ್ತು ಗಂಜಲ ನೇರವಾಗಿ ಮಣ್ಣಿಗೆ ಇಳಿಯುತ್ತದೆ. ಬೆಳಗ್ಗೆ ಹಟ್ಟಿಯನ್ನು ಪಕ್ಕಕ್ಕೆ ಸರಿಸಿದರೆ ನಾಲ್ಕಾರು ರಾತ್ರಿಯಲ್ಲಿ ಹೊಲಕ್ಕೆಲ್ಲ ಗೊಬ್ಬರ ಮುಟ್ಟುತ್ತದೆ. ಅದಕ್ಕೆ ರೈತರು ಜೋಳ ಅಳೆದು ಕೊಡುತ್ತಿದ್ದರು, ಆಮೇಲೆ ರೊಕ್ಕ ಕೊಡತೊಡಗಿದರು. ಅಂದರೆ ಇಲ್ಲಿ ತಂಗಲು ಬಂದವರು ಬಾಡಿಗೆ ಕೊಡುತ್ತಿರಲಿಲ್ಲ, ತಂಗಿದ್ದಕ್ಕೆ ಕೂಲಿ ಪಡೆಯುತ್ತಿದ್ದರು. ಪ್ರಪಂಚದ ಬೇರೆ ಯಾವ ಪ್ರವಾಸಿಗೂ ಇಂಥ ಸ್ಥಾನ ಇದ್ದಂತೆ ನನಗೆ ಕಾಣುವುದಿಲ್ಲ. ರಸಗೊಬ್ಬರದ ಚೀಲ ಮನೆಬಾಗಿಲಿಗೆ ಬಂದ ಮೇಲೆ ಈ ಒಪ್ಪಂದ ಸಡಿಲಾಯಿತು. ಕೆಲವು ಕಡೆ ಈಗ ಕೂಳೆ ಮೇಯಿಸಲು ಕುರಿಗಾರರೇ ಹಣ ತೆರಬೇಕಾಗಿದೆ.

ಗುಂಪಾಗಿ ಹೊರಟರೂ ಇವರ ಹಗಲು ಒಂಟಿ ಹಗಲು. ಹೊತ್ತೇರಿದ ಮೇಲೆ ಒಬ್ಬೊಬ್ಬರ ಮಂದೆ ಒಂದೊಂದು ದಿಕ್ಕಿಗೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಟೊಂಗೆ ಕೊಯ್ಯಲು ಕುಡಗೋಲು ಕಟ್ಟಿದ ಗಳ, ಬುತ್ತಿಯಲ್ಲಿ ರೊಟ್ಟಿ ಮತ್ತು ಹಿಂಡಿ. ಮಾತಾಡಲು ಕುರಿ, ನಾಯಿ ಬಿಟ್ಟರೆ ಯಾರೂ ಇಲ್ಲ. ಹೆಂಗಸರ ಒಂಟಿತನ ಇನ್ನೂ ಗಟ್ಟಿ. ಗಂಡಸರು ಮಂದೆಯೊಂದಿಗೆ ಹೋದ ಮೇಲೆ ಕುದುರೆಗೆ ಹೇರು ಹೇರಿ, ಎಳೆಮರಿ ಮತ್ತು ಚಿಕ್ಕ ಕೂಸು ಕಟ್ಟಿಕೊಂಡು ಗುರುತಿಲ್ಲದ ಹಾದಿಯಲ್ಲಿ ಮುಂದಿನ ಬಿಡಾರಕ್ಕೆ ನಡೆಯುವವಳು ಅವಳು. ಅಲ್ಲಿ ಬೋರ್‌ವೆಲ್ ಮಾಲೀಕರನ್ನು ಮಾತಾಡಿಸಿ ಒಂದು ಕೊಡ ನೀರು ಕೇಳುವವಳೂ ಅವಳೇ. ಬಸುರಿಯಾಗಿದ್ದಾಗಲೂ ಈ ಕೆಲಸ ನಿಲ್ಲುವುದಿಲ್ಲ. ಹೆಣ್ಣೊಬ್ಬಳು ಒಂಟಿಯಾಗಿ ದೇಶ ಸುತ್ತುವುದು ಹೊಸ ಸಾಹಸ ಎಂದು ನಗರಗಳು ಸಂಭ್ರಮಿಸುವ ಹೊತ್ತಿನಲ್ಲಿ ಈ ಹೆಣ್ಣುಮಕ್ಕಳ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ ಎಂಬುದು ನನಗೆ ನೋವಿನ ಸಂಗತಿ.

ಶಾಲೆಗೆ ಹೋಗುವ ಮಕ್ಕಳು ಊರಲ್ಲಿ ಅಜ್ಜ, ಅಜ್ಜಿಯ ಬಳಿ ಉಳಿಯುತ್ತಾರೆ. ದೀಪಾವಳಿಯ ಅಮಾವಾಸ್ಯೆಗೆ ಸೊಲ್ಲಾಪುರ ಜಿಲ್ಲೆಯ ಹುಲಜಂತಿಯಲ್ಲಿ ಮಾಳಿಂಗರಾಯನ ಜಾತ್ರೆ. ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಹಾಲುಮತದ ಕುಟುಂಬಗಳು ಡೊಳ್ಳು ಹೊತ್ತು ಅಲ್ಲಿ ಸೇರುತ್ತವೆ. ವರ್ಷದಲ್ಲಿ ಚದುರಿಹೋದವರು ಒಬ್ಬರನ್ನೊಬ್ಬರು ಕಾಣುವ, ಹೆಣ್ಣು ಗಂಡು ಮಾತುಕತೆ ನಡೆಯುವ, ಮುಂದಿನ ದಾರಿಯ ಸುದ್ದಿ ತಿಳಿಯುವ ಜಾಗವೂ ಅದೇ. ಜರ್ಮನ್ ವಿದ್ವಾಂಸ ಗುಂಥರ್ ಸೋಂಥೈಮರ್ ದಖನ್ನಿನ ಪಶುಪಾಲಕರ ದೇವರುಗಳ ಬಗ್ಗೆ ಬರೆದ ಗ್ರಂಥ 1976ರಲ್ಲಿ ಜರ್ಮನ್ ಭಾಷೆಯಲ್ಲಿ, 1989ರಲ್ಲಿ ಇಂಗ್ಲಿಷಿನಲ್ಲಿ ಬಂತು. ಬೀರೋಬಾ, ಖಂಡೋಬಾರ ಜಾತ್ರೆಗಳಿಗೂ ಮಂದೆ ನಡೆಯುವ ದಾರಿಗಳಿಗೂ ಇರುವ ನಂಟನ್ನು ತಿಳಿಯಲು ಇಂದಿಗೂ ಆ ಪುಸ್ತಕ ಬೇಕು.

ಮಂದೆಯ ರೂಪವೂ ಬದಲಾಗುತ್ತಿದೆ. ಕಂಬಳಿಗೆ ಬೇಕಾದ ಕಪ್ಪು ಉಣ್ಣೆಯ ದಖನಿ ಕುರಿಯ ಜಾಗಕ್ಕೆ ಉದ್ದ ಕಾಲಿನ, ಮಾಂಸಕ್ಕೆ ಬೆಲೆ ಬರುವ ಯಳಗ ಕುರಿ ಬಂದಿದೆ. ಉಣ್ಣೆಗೆ ಕತ್ತರಿ ಹಾಕಿದ ಕೂಲಿಯೂ ಹುಟ್ಟದ ಮೇಲೆ ಕುರಿಗಾರರು ಇನ್ನೇನು ಮಾಡಿಯಾರು? ಆದರೆ ಮಳೆಯಲ್ಲಿ ನೆನೆದರೂ ಬೆಚ್ಚಗಿಡುವ ಕಂಬಳಿಯ ಕೊಪ್ಪೆಗೆ ಸಮನಾದದ್ದು ಪ್ಲಾಸ್ಟಿಕ್ ತಾಡಪತ್ರಿಯಲ್ಲಿಲ್ಲ.

ಕರವಾನಿ

ರಾತ್ರಿಯ ಕಾವಲಿನ ವಿಷಯಕ್ಕೆ ಬಂದರೆ ಮುಧೋಳದ ಹೆಸರು ತಾನಾಗಿ ಬರುತ್ತದೆ. ತೆಳ್ಳನೆ ದೇಹ, ಉದ್ದ ಮೂತಿ, ಬಾಣದ ವೇಗದ ಮುಧೋಳ ನಾಯಿಯನ್ನು ಗಡಿಯಾಚೆಯ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಕರವಾನಿ ಎನ್ನುತ್ತಾರೆ. ಭಾರತೀಯ ಕೆನಲ್ ಕ್ಲಬ್ಬಿನ ದಾಖಲೆಯಲ್ಲಿ ಅದರ ಹೆಸರು ಕ್ಯಾರವಾನ್ ಹೌಂಡ್. ಪಶ್ಚಿಮ ಏಷ್ಯಾದಿಂದ ದಖನ್ನಿಗೆ ಬಂದ ವ್ಯಾಪಾರಿಗಳ, ಸೈನಿಕರ ತಂಡಗಳ ಬೆನ್ನಿಗೆ ಈ ನಾಯಿಗಳ ಪೂರ್ವಜರು ಬಂದರು ಎಂಬುದು ಬಹುಕಾಲದ ನಂಬಿಕೆ. ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಇದರ ತಳಿಯನ್ನು ಬೆಳೆಸಿ, ಇಂಗ್ಲೆಂಡಿಗೆ ಹೋದಾಗ ಒಂದು ಜೋಡಿಯನ್ನು ದೊರೆ ಐದನೇ ಜಾರ್ಜ್‌ಗೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚೀಟಿ ತಂದಿತು. 2016ರಲ್ಲಿ ಸೇನೆ ಇದರ ಮರಿಗಳನ್ನು ಮೀರತ್‌ಗೆ ತರಬೇತಿಗೆ ಒಯ್ದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ.

ಅರಮನೆ, ಸೇನೆ, ಅಂಚೆಚೀಟಿ ಎಲ್ಲವೂ ಈ ನಾಯಿಗೆ ಗೌರವ ತಂದವು. ಅದನ್ನು ತಲೆಮಾರುಗಳ ಕಾಲ ಜೋಳದ ನುಚ್ಚು, ಹಾಲು ಹಾಕಿ ಸಾಕಿ ಉಳಿಸಿದವರಲ್ಲಿ ಕುರಿಗಾರರೂ ಬೇಟೆ ಬಲ್ಲವರೂ ಇದ್ದರೆಂಬುದು ಆ ಗೌರವದ ಮಾತಿನಲ್ಲಿ ಬಿಟ್ಟುಹೋಗುತ್ತದೆ. ನಾಯಿಯ ಹೆಸರಿನಲ್ಲಿ ಉಳಿದ ಕ್ಯಾರವಾನ್ ಬದುಕು ಕಣ್ಣೆದುರಿನ ಹೊಲದಲ್ಲಿದ್ದರೂ ಅದಕ್ಕೆ ಇಂಥ ಆದರ ಸಿಕ್ಕಿಲ್ಲ.

ಮಂದೆಯ ಸುತ್ತ ಕಾಯುವ ನಾಯಿಗಳೆಲ್ಲ ಶುದ್ಧ ಮುಧೋಳ ತಳಿಯವಲ್ಲ. ತೋಳ ಬಂದಾಗ ಓಡಿಸುವವು, ಕಳ್ಳ ಬಂದಾಗ ಬೊಗಳುವವು, ಅಷ್ಟೆ ಸಾಕು. ತೋಳಕ್ಕಿಂತ ಈಗ ಕಳ್ಳರ ಭಯವೇ ಹೆಚ್ಚು. ರಾತ್ರಿ ಗಾಡಿ ತಂದು ಕುರಿ ತುಂಬಿಕೊಂಡು ಹೋಗುವವರನ್ನು ತಡೆಯಲು ಹೋಗಿ ಪೆಟ್ಟು ತಿಂದ, ಪ್ರಾಣವನ್ನೇ ಕಳೆದುಕೊಂಡ ಕುರಿಗಾರರ ಸುದ್ದಿ ಈ ಜಿಲ್ಲೆಯಿಂದಲೂ ಬಂದಿದೆ. ವ್ಯಾನಿನ ಒಳಗೆ ಚಿಲಕ ಹಾಕಿಕೊಂಡು ಮಲಗುವ ಪ್ರಯಾಣಿಕರು ಇದನ್ನು ಅರಿಯಬೇಕು. ಚಿಲಕವೇ ಇಲ್ಲದ ಮನೆಯವರ ಆಸ್ತಿಯೆಲ್ಲ ಬಯಲಿನಲ್ಲಿ ಉಸಿರಾಡುತ್ತಿರುತ್ತದೆ.

ನೆಲ ಎಲ್ಲಿ ಹೋಯಿತು?

ಇಲ್ಲಿಯ ನೆಲದ ಕಥೆಯನ್ನು ನೀರಿನಿಂದ ಶುರು ಮಾಡಬೇಕು. ಸರ್ಕಾರ ಬರಲಿಲ್ಲವೆಂದು ಜಮಖಂಡಿ ಸೀಮೆಯ ರೈತರು ತಾವೇ ಹಣ ಹೂಡಿ, ತಾವೇ ಮಣ್ಣು ಹೊತ್ತು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜ್ ಕಟ್ಟಿದ್ದು 1989ರಲ್ಲಿ. ಅದರ ಮುಂದಾಳು ಸಿದ್ದು ನ್ಯಾಮಗೌಡರನ್ನು ಜನ ಕೊನೆಯವರೆಗೂ ಬ್ಯಾರೇಜ್ ಸಿದ್ದು ಎಂದೇ ಕರೆದರು. ಹಿಪ್ಪರಗಿ ಬ್ಯಾರೇಜ್, ಘಟಪ್ರಭೆಯ ಕಾಲುವೆಗಳು, ಸಾವಿರಾರು ಬೋರ್‌ವೆಲ್ ಸೇರಿ ಈ ಬರದ ಸೀಮೆ ಕಬ್ಬಿನ ಸೀಮೆಯಾಯಿತು. ಇದು ರೈತರ ದುಡಿಮೆಯ ದೊಡ್ಡ ಗೆಲುವು, ಅದನ್ನು ಕಡಿಮೆ ಮಾಡಿ ಹೇಳಲಾಗದು. ಆದರೆ ಕಬ್ಬು ವರ್ಷವಿಡೀ ಹೊಲದಲ್ಲಿ ನಿಲ್ಲುತ್ತದೆ. ಕೂಳೆ ಹೊಲ ಎಂಬುದೇ ಇಲ್ಲವಾದ ಊರಿನಲ್ಲಿ ಮಂದೆ ಎಲ್ಲಿ ನಿಂತೀತು?

ಇನ್ನೊಂದು ಕಡೆಯಿಂದ ಆಲಮಟ್ಟಿ. ಜಲಾಶಯದಲ್ಲಿ ಈಗ 519.60 ಮೀಟರ್ ಮಟ್ಟದವರೆಗೆ ನೀರು ನಿಲ್ಲುತ್ತದೆ. ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ 524.256 ಮೀಟರ್‌ಗೆ ಏರಿಸಲು ಒಪ್ಪಿತು. ಮೊದಲ ಮುಳುಗಡೆಯಲ್ಲಿಯೇ ಬೀಳಗಿಯ ಹೊಳೆದಂಡೆಯ ಹಳ್ಳಿಗಳು ಎತ್ತರದ ಪುನರ್ವಸತಿ ಕೇಂದ್ರಗಳಿಗೆ ಹೋದವು, ಹೊಳೆಸಾಲಿನ ಫಲವತ್ತಾದ ನೆಲ ನೀರಿಗೆ ಹೋಯಿತು. ಘಟಪ್ರಭೆ ಕೃಷ್ಣೆಯನ್ನು ಸೇರುವ ಚಿಕ್ಕಸಂಗಮದ ಸುತ್ತ ಈಗ ಚಳಿಗಾಲಕ್ಕೆ ದೂರದೇಶದ ಹಕ್ಕಿಗಳು ಇಳಿಯುತ್ತವೆ. ರಾಜಹಂಸಗಳನ್ನು ನೋಡಲು ಜನ ಬರುತ್ತಾರೆ. ವಲಸೆ ಹಕ್ಕಿಗೆ ಜಾಗ ಕೊಟ್ಟ ಅದೇ ಹಿನ್ನೀರು ವಲಸೆ ಮಂದೆಯ ಹಳೆಯ ಹೊಳೆದಾರಿಗಳನ್ನು ಮುಚ್ಚಿತು. ಜಮೀನು ಕಳೆದುಕೊಂಡವರಿಗೆ ಪರಿಹಾರ ಉಂಟು, ಅದು ಸಾಲದೆಂಬ ಹೋರಾಟವೂ ಉಂಟು. ಮೇಯುವ ದಾರಿ ಕಳೆದುಕೊಂಡವರ ಹೆಸರು ಯಾವ ಉತಾರದಲ್ಲಿ ಬರೆದಿದೆ, ಪರಿಹಾರ ಕೇಳಲು?

ಉಳಿದ ಗುಡ್ಡಗಳಲ್ಲಿ ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಿಗೆ ಹಬ್ಬಿದ ಯಡಹಳ್ಳಿ ಕಾಡು 2016ರಲ್ಲಿ ಚಿಂಕಾರ ವನ್ಯಧಾಮವಾಯಿತು. ವಿಸ್ತೀರ್ಣ 96 ಚದರ ಕಿಲೋಮೀಟರಿಗೂ ತುಸು ಹೆಚ್ಚು. ಕುರುಚಲು ಕಾಡಿಗೂ ಬೆಲೆ ಇದೆ ಎಂದು ಒಪ್ಪಿಕೊಂಡ ಒಳ್ಳೆಯ ತೀರ್ಮಾನವದು. ಚಿಂಕಾರ, ತೋಳ, ಕತ್ತೆಕಿರುಬ ಉಳಿಯಬೇಕು. ಆದರೆ ಅಲ್ಲಿಯೂ ಕುರಿಗಾರರೊಂದಿಗೆ ಮಾತಾಡಿ ದಾರಿ ಗೊತ್ತುಮಾಡಬೇಕಿತ್ತು. ತೋಳ ತಿಂದದ್ದು ತೋಳದ ಪಾಲು ಎಂದು ತಲೆಮಾರುಗಳಿಂದ ನಂಬಿದ ಜನರನ್ನು ಬಿಟ್ಟು ಈ ಬಯಲನ್ನು ಕಾಯುವವರು ಇನ್ನಾರು ಸಿಕ್ಕಾರು?

ರಸ್ತೆಯಲ್ಲಿ ಬದುಕುವವರು ಇವರಷ್ಟೇ ಅಲ್ಲ, ಬೇರೆಯವರೂ ಇದ್ದಾರೆ. ಕಾರ್ಖಾನೆ ಕಬ್ಬು ನುರಿಸುವ ತಿಂಗಳುಗಳಲ್ಲಿ ಹೊಲದ ಅಂಚಿನಲ್ಲಿ ರವದಿಯ ಗುಡಿಸಲು ಹಾಕಿಕೊಂಡು ಕಬ್ಬು ಕಡಿಯುವ ಗ್ಯಾಂಗುಗಳು, ಬನಶಂಕರಿ ಜಾತ್ರೆಯಲ್ಲಿ ತಿಂಗಳುಗಟ್ಟಲೆ ಬೀಡು ಬಿಡುವ ನಾಟಕ ಕಂಪನಿಯವರು, ಕ್ಯಾಬಿನ್‌ನಲ್ಲೇ ಮಲಗುವ ಲಾರಿಯವರು. ಹಳ್ಳಿಗೆ ರಾತ್ರಿ ಬಂದು ನಿಂತು ಬೆಳಗ್ಗೆ ಹೊರಡುವ ವಸ್ತಿ ಬಸ್ಸಿನ ಚಾಲಕ, ನಿರ್ವಾಹಕರಿಗೆ ಗುಡಿಯ ಕಟ್ಟೆ ಬಿಟ್ಟುಕೊಟ್ಟು, ರೊಟ್ಟಿ ಕೊಟ್ಟು ಕಳಿಸಿದ ಊರುಗಳು ಈ ಸೀಮೆಯಲ್ಲಿ ಎಷ್ಟೋ. ಬಂದವರಿಗೆ ಜಾಗ ಕೊಡುವ ಗುಣ ಇಲ್ಲಿಯ ಜನರಲ್ಲಿ ಇದೆ. ಕೊಡಲು ಜಾಗ ಉಳಿಯಬೇಕಲ್ಲ.

ಕಾನೂನಿನ ಕಣ್ಣಿಗೆ ಹೊರಗಿನವರು

ಗಾಯರಾಣ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಕರ್ನಾಟಕ ಭೂಕಂದಾಯ ಅಧಿನಿಯಮ 1964ರ 71ನೇ ಕಲಂ ಪ್ರಕಾರ ಸರ್ಕಾರಿ ಜಮೀನನ್ನು ದನಕರುಗಳ ಮೇವಿಗೆಂದು ಕಾಯ್ದಿರಿಸಬಹುದು. ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಇರಬೇಕೆಂದು ನಿಯಮವೂ ಇದೆ. ಮುಂದಿನ 72ನೇ ಕಲಂ ಓದಿದರೆ ವಿಷಯ ತಿಳಿಯುತ್ತದೆ: ಆ ಮೇವಿನ ಹಕ್ಕು ಆಯಾ ಗ್ರಾಮದ ಜಾನುವಾರುಗಳಿಗೆ ಮಾತ್ರ. ಹೊರಗಿನಿಂದ ಬಂದ ಮಂದೆಗೆ ಅಲ್ಲಿ ಕಾಲಿಡಲು ಕಾನೂನಿನ ಆಧಾರ ಇಲ್ಲ. ಕುರಿಗಾರರು ತಮ್ಮೂರಿನಲ್ಲಿ ನಾಗರಿಕರು. ಊರ ಗಡಿ ದಾಟಿದ ಕೂಡಲೇ ಇನ್ನೊಬ್ಬರ ಕೃಪೆಯಲ್ಲಿರುವವರು.

ಅಲೆಮಾರಿಯನ್ನು ಅನುಮಾನದಿಂದ ನೋಡುವ ಅಭ್ಯಾಸಕ್ಕೆ ಹಳೆಯ ಬೇರಿದೆ. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟು ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟಿತು. ವಿಜಯಪುರ, ಹುಬ್ಬಳ್ಳಿ, ಗದಗಿನಲ್ಲಿ ಅವರನ್ನು ಕೂಡಿಹಾಕುವ ಸೆಟ್ಲ್‌ಮೆಂಟುಗಳಿದ್ದವು. ಕಾಯ್ದೆ 1952ರಲ್ಲಿ ರದ್ದಾಯಿತು. ಬಾಗಿಲಿಲ್ಲದ ಮನೆಯವರು ಬಂದರೆ ಮೊದಲು ಅನುಮಾನ ಪಡು ಎಂಬ ಪಾಠ ಮಾತ್ರ ಪೊಲೀಸ್ ಠಾಣೆಯಲ್ಲೂ ಊರ ಅಗಸಿಯಲ್ಲೂ ಉಳಿಯಿತು. ಒಂಟಿ ವ್ಯಾನಿನವರ ಗಾಜು ತಟ್ಟಿ ‘ಯಾವೂರ್ರಿ? ಒಬ್ಬರ ಬಂದೀರೇನು?’ ಎಂದು ಕೇಳುವ ದನಿಯಲ್ಲಿ ಅಕ್ಕರೆಯೂ ಇರಬಹುದು, ಆ ಪಾಠವೂ ಇರಬಹುದು.

ಹೊಸ ಕ್ಯಾರವಾನಿಗೆ ಸರ್ಕಾರಗಳು ಬಾಗಿಲು ತೆರೆದಿವೆ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸ ನೀತಿ ತಂದು ಖಾಸಗಿ ಪಾರ್ಕುಗಳಿಗೆ ಉತ್ತೇಜನ ಕೊಟ್ಟಿತು. ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲೂ ಕ್ಯಾರವಾನ್ ಪ್ರವಾಸ ಸೇರಿತ್ತು. ಗಾಡಿಗೆ ಸುರಕ್ಷಿತ ನಿಲುಗಡೆ, ಕುಡಿಯುವ ನೀರು, ವಿದ್ಯುತ್, ಕೊಳಚೆ ಸುರಿಯಲು ವ್ಯವಸ್ಥೆ, ಕಾವಲು ಇವು ಇಂಥ ನೀತಿಗಳ ಆಶಯ. ಒಳ್ಳೆಯದೇ. ಒಂಟಿಯಾಗಿ ತಿರುಗುವ ಹೆಣ್ಣುಮಗಳಿಗೆ ಬಾದಾಮಿಯ ದಾರಿಯಲ್ಲಿ ನಿಶ್ಚಿಂತೆಯ ಒಂದು ರಾತ್ರಿ ಸಿಕ್ಕರೆ ಸಂತೋಷಪಡುವವರಲ್ಲಿ ನಾನೂ ಒಬ್ಬ. ಆದರೆ ಈ ಪಟ್ಟಿಯನ್ನು ಕುರಿಗಾರರ ಮುಂದೆ ಓದಿದರೆ ಅವರು ಕೇಳುವುದೂ ಇಷ್ಟನ್ನೇ: ನಿಲ್ಲಲು ಜಾಗ, ನೀರು, ರಾತ್ರಿಯ ಭದ್ರತೆ. ಒಬ್ಬರು ಕೇಳಿದರೆ ಪ್ರವಾಸೋದ್ಯಮ, ಇನ್ನೊಬ್ಬರು ಕೇಳಿದರೆ ಅತಿಕ್ರಮಣ ಎಂದರೆ ಅದು ಅನ್ಯಾಯ.

ಬೇರೆ ದೇಶಗಳ ಅನುಭವ ಎರಡೂ ಕಡೆಗೆ ಪಾಠ ಹೇಳುತ್ತದೆ. ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಎಂದು ಇಂಗ್ಲೆಂಡಿನಲ್ಲಿ ಹೆಸರಾದದ್ದು 1885ರ ‘ವಾಂಡರರ್’. ನೌಕಾಪಡೆಯ ನಿವೃತ್ತ ವೈದ್ಯ ಗಾರ್ಡನ್ ಸ್ಟೇಬಲ್ಸ್ ಕುದುರೆ ಹೂಡಿದ ಆ ಬಂಡಿಯಲ್ಲಿ ದಕ್ಷಿಣ ಇಂಗ್ಲೆಂಡಿನ ಟ್ವೈಫರ್ಡ್‌ನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದರು, ಜೊತೆಗೆ ಬಂಡಿಯಾಳು, ಸೇವಕ, ನಾಯಿ. ರೋಮಾ ಜಿಪ್ಸಿಗಳ ಬಂಡಿಬದುಕನ್ನು ನೋಡಿ ಮಾಡಿದ ಸಿರಿವಂತರ ಹವ್ಯಾಸ ಮುಂದೆ ದೊಡ್ಡ ಉದ್ಯಮವಾಯಿತು. ಜಿಪ್ಸಿಗಳಿಗೆ ಏನಾಯಿತು? 1968ರ ಕ್ಯಾರವಾನ್ ನಿವೇಶನಗಳ ಕಾಯ್ದೆ ಅವರಿಗೆ ತಂಗುದಾಣ ಒದಗಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳ ಮೇಲೆ ಹಾಕಿತು. 1994ರಲ್ಲಿ ಇನ್ನೊಂದು ಕಾಯ್ದೆ ತಂದು ಆ ಹೊಣೆಯನ್ನು ತೆಗೆದುಹಾಕಿದರು. ವಿಹಾರದ ಪಾರ್ಕುಗಳು ಉಳಿದವು, ಬದುಕಿನ ಬಂಡಿಗಳು ರಸ್ತೆಬದಿಯಿಂದ ಎಬ್ಬಿಸಲ್ಪಟ್ಟವು. ಅಮೆರಿಕದಲ್ಲಿ 2008ರ ಆರ್ಥಿಕ ಕುಸಿತದ ಬಳಿಕ ಮನೆ ಕಳೆದುಕೊಂಡು ವ್ಯಾನು ಸೇರಿದ ವೃದ್ಧರ ಬಗ್ಗೆ ಜೆಸ್ಸಿಕಾ ಬ್ರೂಡರ್ ಬರೆದ ಪುಸ್ತಕ, ಅದನ್ನು ಆಧರಿಸಿ ಬಂದು ಆಸ್ಕರ್ ಗೆದ್ದ ‘ನೊಮ್ಯಾಡ್‌ಲ್ಯಾಂಡ್’ ಚಿತ್ರ ನೋಡಿದವರಿಗೆ ಒಂಟಿ ವ್ಯಾನಿನ ಬದುಕೆಲ್ಲ ವಿಹಾರವಲ್ಲ ಎಂಬುದು ಗೊತ್ತು.

ಸ್ಪೇನ್ ಬೇರೆ ದಾರಿ ಹಿಡಿಯಿತು. ಅಲ್ಲಿ ಮಧ್ಯಯುಗದಿಂದ ಬಂದ ಮಂದೆಯ ದಾರಿಗಳನ್ನು 1995ರ ಕಾನೂನು ಸಾರ್ವಜನಿಕ ಆಸ್ತಿ ಎಂದು ಘೋಷಿಸಿತು. ಅವನ್ನು ಮಾರುವಂತಿಲ್ಲ, ಒತ್ತುವಂತಿಲ್ಲ. ಅವುಗಳ ಉದ್ದ ಒಟ್ಟು ಸುಮಾರು 1,25,000 ಕಿಲೋಮೀಟರ್. 1994ರಿಂದ ವರ್ಷಕ್ಕೊಮ್ಮೆ ಕುರಿಗಾರರು ರಾಜಧಾನಿ ಮ್ಯಾಡ್ರಿಡ್‌ನ ನಡುರಸ್ತೆಯಲ್ಲಿ ಮಂದೆ ನಡೆಸಿ, ಹಳೆಯ ಒಪ್ಪಂದದ ಪ್ರಕಾರ ನಗರಾಡಳಿತಕ್ಕೆ ಹಳೆಯ ನಾಣ್ಯಗಳಲ್ಲಿ ದಾರಿಸುಂಕ ತೆತ್ತು ಹೋಗುತ್ತಾರೆ. ನಡೆಯುವ ಹಕ್ಕನ್ನು ಮರೆಯಬೇಡಿ ಎಂದು ನೆನಪಿಸುವ ನಡಿಗೆಯದು.

ನಮ್ಮಲ್ಲೂ ಕೆಲವು ಹೆಜ್ಜೆಗಳಾಗಿವೆ. ಕುರಿ ಸತ್ತರೆ ಪರಿಹಾರ ಕೊಡುವ ಅನುಗ್ರಹ ಯೋಜನೆಯ ಮೊತ್ತವನ್ನು 2025–26ರ ಬಜೆಟ್‌ನಲ್ಲಿ 5,000 ರೂಪಾಯಿಯಿಂದ 7,500ಕ್ಕೆ ಏರಿಸಲಾಯಿತು. ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ ಸಂಚಾರಿ ಕುರಿಗಾರರಿಗೆ ಟೆಂಟು, ಪರಿಕರ ಕೊಡುವ ಯೋಜನೆ ನಡೆಸಿದೆ. ವಲಸೆ ಕುರಿಗಾಹಿಗಳನ್ನು ದೌರ್ಜನ್ಯದಿಂದ ರಕ್ಷಿಸಲೆಂದೇ 2025ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ವಿಧೇಯಕ ರೂಪಿಸಿತು. ಆದರೆ ಪರಿಹಾರಕ್ಕೆ ಪಶುವೈದ್ಯರ ಮರಣೋತ್ತರ ಪರೀಕ್ಷೆಯ ದಾಖಲೆ ಬೇಕು. ಮಂದೆ ಇರುವುದು ಊರಿಂದ ನೂರಾರು ಕಿಲೋಮೀಟರ್ ದೂರ. ನೀಲಿ ನಾಲಿಗೆ ರೋಗವೋ ಕರುಳುಬೇನೆಯೋ ಬಂದು ಹತ್ತು ಕುರಿ ಒಂದೇ ರಾತ್ರಿ ಬಿದ್ದರೆ ಗುರುತಿಲ್ಲದ ತಾಲ್ಲೂಕಿನ ವೈದ್ಯರನ್ನು ಹುಡುಕುತ್ತ ಹೋಗುವವರು ಉಳಿದ ಮಂದೆಯನ್ನು ಯಾರಿಗೆ ಒಪ್ಪಿಸಬೇಕು? ನಡೆಯುವವರಿಗೆ ಮಾಡುವ ಕಾನೂನನ್ನು ನಡೆಯುವವರ ಲೆಕ್ಕದಲ್ಲೇ ಬರೆಯಬೇಕಾಗುತ್ತದೆ.

2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಎಂದು ಸಾರಿದೆ. ಸಭೆ, ಬ್ಯಾನರು, ಭಾಷಣಗಳಿಗಿಂತ ಕಡಿಮೆ ಖರ್ಚಿನಲ್ಲಿ ಬಾಗಲಕೋಟೆ ಜಿಲ್ಲಾಡಳಿತ ಒಂದು ಕೆಲಸ ಮಾಡಬಹುದು. ಗ್ರಾಮನಕಾಶೆಗಳಲ್ಲಿ ಬಂಡಿದಾರಿ, ಕಾಲುದಾರಿಗಳ ಗೆರೆ ಇಂದಿಗೂ ಇದೆ. ನೆಲದ ಮೇಲೆ ಅವು ಒತ್ತುವರಿಯಾಗಿವೆ, ಕಾಗದದ ಮೇಲೆ ಅಳಿಸಿಲ್ಲ. ಕುರಿಗಾರರನ್ನೇ ಕೂರಿಸಿಕೊಂಡು ಬೀಳಗಿಯಿಂದ ಮುಧೋಳ, ಜಮಖಂಡಿ, ಬಾದಾಮಿ ಕಡೆಗೆ ಮಂದೆ ಹೋಗುವ ಮುಖ್ಯ ದಾರಿಗಳನ್ನು ಗುರುತಿಸಿ, ಒಂದೊಂದು ಹಗಲಿನ ನಡಿಗೆಯ ಅಂತರದಲ್ಲಿ ಗಾಯರಾಣದ ಒಂದು ತುಂಡನ್ನು ವಸ್ತಿಗೆಂದು ಬಿಡಬೇಕು. ಅಲ್ಲೊಂದು ನೀರಿನ ತೊಟ್ಟಿ, ಒಂದು ಕೊಳವೆಬಾವಿ, ಹತ್ತಿರದ ಪಶು ಆಸ್ಪತ್ರೆ ಮತ್ತು ಠಾಣೆಯ ಫೋನ್ ನಂಬರ್ ಬರೆದ ಫಲಕ. ಮಂದೆ ಇಲ್ಲದ ತಿಂಗಳಲ್ಲಿ ಅದೇ ಬಯಲಿನಲ್ಲಿ ಒಂಟಿ ವ್ಯಾನಿನವರೂ ತಂಗಲಿ, ಅದಕ್ಕೆ ಗ್ರಾಮ ಪಂಚಾಯಿತಿ ಶುಲ್ಕ ಪಡೆಯಲಿ. ಇಬ್ಬರಿಗೂ ಬೇಕಾದದ್ದು ಒಂದೇ ಆಗಿರುವಾಗ ಎರಡು ಇಲಾಖೆ, ಎರಡು ಕಡತ ಯಾಕೆ?

ಈ ದಾರಿಯಲ್ಲಿ ಗಾಡಿ ತರುವವರಿಗೂ ಒಂದೆರಡು ಮಾತು. ನುರಿಸುವ ಹಂಗಾಮಿನಲ್ಲಿ ಕತ್ತಲಾದ ಮೇಲೆ ಓಡಿಸಬೇಡಿ. ಹಿಂದೆ ದೀಪವಿಲ್ಲದ ಜೋಡಿ ಟ್ರೇಲರಿನ ಕಬ್ಬಿನ ಟ್ರ್ಯಾಕ್ಟರುಗಳು ಎದುರಾಗುವವರೆಗೂ ಕಾಣುವುದಿಲ್ಲ. ಹೊಲದಲ್ಲಿ ನಿಲ್ಲಿಸುವ ಮುನ್ನ ಹೊಲದವರನ್ನು ಕೇಳಿ, ಖಡಕ್ ರೊಟ್ಟಿಯನ್ನು ಊರಿನ ಹೆಣ್ಣುಮಕ್ಕಳಿಂದಲೇ ಕೊಳ್ಳಿ, ಕೊಳೆನೀರನ್ನು ಹಳ್ಳಕ್ಕೆ ಬಿಡಬೇಡಿ. ರಸ್ತೆಯಲ್ಲಿ ಮಂದೆ ಎದುರಾದರೆ ಹಾರ್ನ್ ಹೊಡೆಯದೆ ಎಂಜಿನ್ ಆರಿಸಿ ನಿಲ್ಲಿ. ಬೀಳಗಿಯ ಬಯಲಿನಲ್ಲಿ ಮೊದಲು ದಾರಿ ಬಿಡಬೇಕಾದದ್ದು ಅವರಿಗೆ.